ಓದುಗರ ಪ್ರಶ್ನೆ, ಚಿತ್ರಕಾರರ ಉತ್ತರ: ಪರದೆಯ ಮೇಲೆ ಚಿತ್ರ ಬೆಳೆಯುವ ಬಗೆ

ಈ ಸಂಚಿಕೆಗೆ ಬಂದ ಪ್ರಶ್ನೆಗಳೆಲ್ಲ ಡಿಜಿಟಲ್ ಚಿತ್ರರಚನೆಯನ್ನು ಕುರಿತವು. ಯಾವ ಟ್ಯಾಬ್ಲೆಟ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿದವರ ಪತ್ರಗಳನ್ನು ಸದ್ಯಕ್ಕೆ ಬದಿಗಿರಿಸಿ, ಚಿತ್ರವೊಂದು ಹುಟ್ಟಿ ಬೆಳೆಯುವ ರೀತಿಯ ಬಗ್ಗೆ ಕೇಳಿದವರಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಖಾಲಿ ಪರದೆಯ ಮುಂದೆ ಕುಳಿತರೆ ನನಗೆ ಏನೂ ತೋಚುವುದಿಲ್ಲ. ಡಿಜಿಟಲ್ ಚಿತ್ರಕಾರರು ಚಿತ್ರವನ್ನು ಮನಸ್ಸಿನಲ್ಲಿ ಪೂರ್ತಿಯಾಗಿ ಕಂಡ ಮೇಲೆಯೇ ಕೆಲಸ ಆರಂಭಿಸುತ್ತಾರೆಯೇ?

ಉತ್ತರ: ಪೂರ್ತಿಯಾಗಿ ಕಂಡು ಆರಂಭಿಸುವವರು ಇರಬಹುದು, ನಾನು ಬಲ್ಲ ಬಹುತೇಕ ಚಿತ್ರಕಾರರು ಹಾಗೆ ಮಾಡುವುದಿಲ್ಲ. ಮನಸ್ಸಿನಲ್ಲಿ ಮೊದಲು ಇರುವುದು ಒಂದು ಸನ್ನಿವೇಶ ಮತ್ತು ಅದರ ಭಾವ ಮಾತ್ರ. ಮಳೆ ನಿಂತ ಮೇಲೆ ಬಾಗಿಲಲ್ಲಿ ಬಂದು ನಿಂತ ಒಬ್ಬ ಮುದುಕಿಯನ್ನು ಬರೆಯಬೇಕು ಎನ್ನಿಸಿತೆಂದು ಇಟ್ಟುಕೊಳ್ಳಿ. ಆಕೆಯ ಮುಖದ ಸುಕ್ಕು, ಸೀರೆಯ ಮಡಿಕೆ, ಬಾಗಿಲಿನ ಕೆತ್ತನೆ ಇವು ಯಾವುವೂ ಈ ಹಂತದಲ್ಲಿ ಬೇಕಾಗಿಲ್ಲ. ಬೇಕಾಗಿರುವುದು ಬೆಳಕು ಎಲ್ಲಿಂದ ಬರುತ್ತಿದೆ ಎಂಬ ಒಂದು ತೀರ್ಮಾನ. ಮನೆಯೊಳಗೆ ಕತ್ತಲಿದ್ದು ಹೊರಗಿನ ಬೆಳಕು ಆಕೆಯ ಮುಖದ ಮೇಲೆ ಬಿದ್ದರೆ, ಆಕೆ ಯಾರನ್ನೋ ಎದುರು ನೋಡುತ್ತಿದ್ದಾಳೆ ಎನ್ನಿಸುತ್ತದೆ. ನಾವು ಮನೆಯ ಒಳಗೆ ನಿಂತು, ಹೊರಗಿನ ಬೆಳಕಿಗೆ ಎದುರಾಗಿ ಆಕೆಯನ್ನು ಕಪ್ಪು ಆಕಾರವಾಗಿ ಕಂಡರೆ, ಆಕೆ ಹೊರಟು ನಿಂತಿದ್ದಾಳೆ ಎನ್ನಿಸುತ್ತದೆ. ವ್ಯಕ್ತಿಯೂ ಅದೇ, ಬಾಗಿಲೂ ಅದೇ, ಆದರೆ ಕತೆ ಬೇರೆಯಾಯಿತು.

ಈ ತೀರ್ಮಾನಕ್ಕಾಗಿಯೇ ಥಂಬ್‌ನೇಲ್‌ಗಳನ್ನು, ಅಂದರೆ ಬಹಳ ಚಿಕ್ಕ ಕರಡುಚಿತ್ರಗಳನ್ನು, ಹಾಕಿಕೊಳ್ಳುವುದು. ಒಂದೇ ಕ್ಯಾನ್ವಾಸಿನಲ್ಲಿ ಆರೇಳು ಚಿಕ್ಕ ಚೌಕಗಳನ್ನು ಎಳೆದು, ಪ್ರತಿಯೊಂದರಲ್ಲಿಯೂ ಕಪ್ಪು, ನಡುಬೂದು, ತಿಳಿಬೂದು ಎಂಬ ಮೂರೇ ಛಾಯೆಗಳಲ್ಲಿ ಅದೇ ಸನ್ನಿವೇಶವನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ನೋಡಬೇಕು. ರೇಖೆಗಳನ್ನು ಎಳೆಯದೆ ದಪ್ಪ ಬ್ರಷ್‌ನಿಂದ ಆಕಾರಗಳನ್ನೇ ಇಡಬೇಕು. ಚೌಕವು ಎಷ್ಟು ಚಿಕ್ಕದಿರಬೇಕೆಂದರೆ, ಕಣ್ಣು ಮೂಗುಗಳನ್ನು ಬರೆಯಬೇಕೆಂದರೂ ಅಲ್ಲಿ ಜಾಗ ಸಿಗಬಾರದು. ಚೌಕದಲ್ಲಿಯೇ ಓದಿಸಿಕೊಳ್ಳದ ಚಿತ್ರವು ದೊಡ್ಡದಾದ ಮೇಲೆ ಎಷ್ಟು ವಿವರ ತುಂಬಿದರೂ ಓದಿಸಿಕೊಳ್ಳುವುದಿಲ್ಲ.

ಆರಿಸಿದ ಚೌಕವನ್ನು ಪಕ್ಕದಲ್ಲಿಟ್ಟುಕೊಂಡು ಹೊಸದಾಗಿ ಬರೆಯಲು ಹೋಗಬೇಡಿ. ಅದನ್ನೇ ಕತ್ತರಿಸಿ, ದೊಡ್ಡ ಕ್ಯಾನ್ವಾಸಿನ ತುಂಬ ಹಿಗ್ಗಿಸಿ, ಮಸುಕಾದ ಆ ಆಕಾರಗಳ ಮೇಲೆಯೇ ಕೆಲಸ ಮುಂದುವರಿಸಿ. ಮೊದಲ ಕರಡಿನಲ್ಲಿ ಇದ್ದ ಓಟ ಮತ್ತು ವಾಲು ಹೊಸದಾಗಿ ಬರೆಯುವಾಗ ಕೈಯ ಅತಿ ಎಚ್ಚರಕ್ಕೆ ಸಿಕ್ಕಿ ಸೆಟೆದುಕೊಳ್ಳುತ್ತದೆ. ಕರಡನ್ನು ನೇರವಾಗಿ ಹಿಗ್ಗಿಸುವ ಅನುಕೂಲ ಕಾಗದದ ಮೇಲೆ ಕೆಲಸ ಮಾಡುವವರಿಗೆ ಇಷ್ಟು ಸುಲಭವಾಗಿ ಇರಲಿಲ್ಲ; ಇದ್ದೂ ಅದನ್ನು ಬಳಸದಿರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಪ್ರಶ್ನೆ: ನನ್ನ ಒಂದೊಂದು ಚಿತ್ರದಲ್ಲಿಯೂ ಐವತ್ತು ಅರವತ್ತು ಲೇಯರ್‌ಗಳು ಆಗುತ್ತವೆ. ಯಾವುದರಲ್ಲಿ ಏನಿದೆ ಎಂದು ನನಗೇ ಗೊತ್ತಾಗುವುದಿಲ್ಲ. ಇದು ಸರಿಯೇ?

ಉತ್ತರ: ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂತಹ ಪದರ. ಫೋಟೋಶಾಪ್‌ನಲ್ಲಿ ಈ ಸೌಲಭ್ಯ ಬಂದದ್ದು 1994ರ ಮೂರನೆಯ ಆವೃತ್ತಿಯಲ್ಲಿ. 1990ರಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿ ಅದು ಇರಲಿಲ್ಲ; ಹಾಕಿದ ಬಣ್ಣ ಕೆಳಗಿನ ಬಣ್ಣವನ್ನು ನುಂಗಿಯೇ ಬಿಡುತ್ತಿತ್ತು. ಈಗ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಇಡಬಹುದಾದ್ದರಿಂದ, ಇಡಲೇಬೇಕು ಎಂಬ ಅಭ್ಯಾಸ ಬೆಳೆದಿದೆ. ಅರವತ್ತು ಲೇಯರ್‌ಗಳೆಂದರೆ, ಅರವತ್ತು ಕಡೆ ನೀವು ತೀರ್ಮಾನವನ್ನು ಮುಂದಕ್ಕೆ ಹಾಕಿದ್ದೀರಿ ಎಂದೇ ನಾನು ಓದುತ್ತೇನೆ.

ಮುಂದೆ ಸರಿಸಬೇಕಾಗಬಹುದಾದದ್ದು ಯಾವುದೋ ಅದಕ್ಕೆ ಮಾತ್ರ ಬೇರೆ ಲೇಯರ್ ಸಾಕು: ಹಿನ್ನೆಲೆ, ಮುಖ್ಯ ಆಕೃತಿ, ಮುಂಭಾಗದ ವಸ್ತುಗಳು, ಮತ್ತು ರೇಖಾಚಿತ್ರ. ಹೊಸ ಪ್ರಯೋಗ ಮಾಡುವಾಗ ಮೇಲೊಂದು ಲೇಯರ್ ತೆರೆಯಿರಿ. ಅದು ಸರಿ ಎನ್ನಿಸಿದ ಕೂಡಲೇ ಕೆಳಗಿನದರ ಜೊತೆ ಸೇರಿಸಿಬಿಡಿ. ಆಕೃತಿ ಮತ್ತು ಹಿನ್ನೆಲೆ ಕೊನೆಯವರೆಗೂ ಬೇರೆ ಲೇಯರ್‌ಗಳಲ್ಲಿ ಉಳಿದ ಚಿತ್ರಗಳನ್ನು ದೂರದಿಂದಲೇ ಗುರುತಿಸಬಹುದು: ಆಕೃತಿಯ ಅಂಚು ಸುತ್ತಲೂ ಒಂದೇ ಸಮನಾಗಿ ಹರಿತವಾಗಿರುತ್ತದೆ. ನೆರಳಿನ ಕಡೆ ಭುಜದ ಅಂಚು ಹಿನ್ನೆಲೆಯಲ್ಲಿ ಕರಗಿ, ಬೆಳಕಿನ ಕಡೆ ಎದ್ದು ಕಾಣಬೇಕಾದರೆ ಎರಡನ್ನೂ ಒಂದೇ ತಲದಲ್ಲಿ ಒಟ್ಟಿಗೆ ಬರೆಯಬೇಕಾಗುತ್ತದೆ.

ನೆರಳಿಗೆ ಮಲ್ಟಿಪ್ಲೈ ಲೇಯರ್ ಬಳಸುವವರಿಗೆ ಇನ್ನೊಂದು ಮಾತು. ಈ ವಿಧಾನದಲ್ಲಿ ಮೇಲಿನ ಮತ್ತು ಕೆಳಗಿನ ಬಣ್ಣಗಳ ಮೌಲ್ಯಗಳು ಗುಣಿಸಲ್ಪಡುತ್ತವೆ. ಬಿಳಿಯು ಮಾಯವಾಗುತ್ತದೆ, ಉಳಿದದ್ದೆಲ್ಲವೂ ಕೆಳಗಿನದನ್ನು ಕಪ್ಪಾಗಿಸುತ್ತದೆ, ಯಾವುದೂ ತಿಳಿಯಾಗುವುದಿಲ್ಲ. ಅಲ್ಲಿ ಬರಿಯ ಬೂದುಬಣ್ಣ ಹಾಕಿದರೆ ನೆರಳು ಮಸಿ ಬಳಿದಂತೆ ಕಾಣುತ್ತದೆ. ಹಗಲಿನ ಬಯಲಿನಲ್ಲಿ ಸೂರ್ಯನ ನೇರ ಬೆಳಕು ತಲುಪದ ಕಡೆಗೂ ಆಕಾಶದ ಬೆಳಕು ತಲುಪುವುದರಿಂದ ನೆರಳಿನಲ್ಲಿ ನೀಲಿಯ ಅಂಶ ಇರುತ್ತದೆ. ಆದ್ದರಿಂದ ಆ ಲೇಯರ್‌ಗೆ ತಿಳಿನೇರಳೆಯನ್ನೋ ಮಾಸಲು ನೀಲಿಯನ್ನೋ ಆರಿಸುವುದು ಮೇಲು.

ಪ್ರಶ್ನೆ: ಮೊದಲು ಬೂದುಬಣ್ಣದಲ್ಲಿ ಚಿತ್ರ ಮುಗಿಸಿ ಆಮೇಲೆ ಬಣ್ಣ ತುಂಬುತ್ತೇನೆ. ಬೂದಿನಲ್ಲಿ ಚೆನ್ನಾಗಿ ಕಂಡದ್ದು ಬಣ್ಣ ಹಾಕಿದ ಕೂಡಲೇ ಸತ್ತಂತಾಗುತ್ತದೆ, ಮನುಷ್ಯರ ಮೈ ಮಣ್ಣಿನಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬೂದಿನಲ್ಲಿ ಆರಂಭಿಸುವುದು ತಪ್ಪಲ್ಲ, ಯುರೋಪಿನ ಎಣ್ಣೆಬಣ್ಣದ ಚಿತ್ರಕಾರರು ಶತಮಾನಗಳ ಹಿಂದೆಯೇ ಈ ಕ್ರಮವನ್ನು ಬಳಸುತ್ತಿದ್ದರು. ಅವರು ಬೂದಿನ ಮೇಲೆ ಪಾರದರ್ಶಕ ಬಣ್ಣದ ಹಲವು ತೆಳುಲೇಪಗಳನ್ನು ಕೊಡುತ್ತಿದ್ದರು. ಪ್ರತಿ ಲೇಪಕ್ಕೂ ಬಣ್ಣದ ಆಯ್ಕೆ ಬೇರೆಯಾಗುತ್ತಿತ್ತು. ನಾವು ಒಂದು ಕಲರ್ ಲೇಯರ್ ತೆರೆದು (ಕೆಳಗಿನ ಬೆಳಕು-ನೆರಳನ್ನು ಹಾಗೆಯೇ ಉಳಿಸಿ ವರ್ಣವನ್ನು ಮಾತ್ರ ಕೊಡುವ ಲೇಯರ್ ಇದು), ಮೈಗೆಲ್ಲ ಒಂದೇ ಕಂದುಬಣ್ಣವನ್ನು ಬಳಿದು, ಕೆಳಗಿನ ಬೂದು ಉಳಿದದ್ದನ್ನು ನೋಡಿಕೊಳ್ಳುತ್ತದೆ ಎಂದು ಸುಮ್ಮನಾಗುತ್ತೇವೆ. ಆಗ ಬೆಳಕಿನಲ್ಲಿಯೂ ನೆರಳಿನಲ್ಲಿಯೂ ವರ್ಣ ಒಂದೇ ಆಗಿ, ಗಾಢತೆ ಮಾತ್ರ ಬದಲಾಗುತ್ತದೆ. ಜೀವಂತ ಚರ್ಮ ಹಾಗಿರುವುದಿಲ್ಲ. ಬೆಳಕು ಚರ್ಮದ ಒಳಗೆ ಸ್ವಲ್ಪ ದೂರ ಹೊಕ್ಕು, ಅಲ್ಲಿ ಚದುರಿ, ಕೆಂಪಾಗಿ ಹೊರಬರುತ್ತದೆ. ಹಿಂದಿನಿಂದ ಬಿಸಿಲು ಬಿದ್ದ ಕಿವಿ ಕೆಂಡದಂತೆ ಹೊಳೆಯುವುದು ಇದೇ ಕಾರಣಕ್ಕೆ. ಬೆಳಕು ಮುಗಿದು ನೆರಳು ಆರಂಭವಾಗುವ ಗಡಿಯಲ್ಲಿ ಬಣ್ಣ ಸ್ವಲ್ಪ ಕೆಂಪಿಗೆ ತಿರುಗಿ ಗಾಢವಾಗುತ್ತದೆ. ಆ ಗಡಿಯಲ್ಲಿ ಒಂದು ತೆಳುವಾದ ಕೆಂಗಂದುಪಟ್ಟಿಯನ್ನು ಬರೆದು ನೋಡಿ. ಮಣ್ಣಿನ ಗೊಂಬೆಯಂತಿದ್ದ ಮುಖಕ್ಕೆ ರಕ್ತ ಬಂದದ್ದು ಕಾಣುತ್ತದೆ.

ಎರಡನೆಯ ಕಾರಣ ಯಂತ್ರದ್ದು. ಸಾಮಾನ್ಯ ಸಾಫ್ಟ್‌ವೇರ್‌ಗಳು ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಾಗಿ ಇಟ್ಟುಕೊಂಡು, ಎರಡು ಬಣ್ಣಗಳನ್ನು ಬೆರೆಸಿದಾಗ ಆ ಸಂಖ್ಯೆಗಳ ಸರಾಸರಿಯನ್ನು ತೆಗೆಯುತ್ತವೆ. ಅಚ್ಚ ನೀಲಿ ಎಂದರೆ 0, 0, 255. ಅಚ್ಚ ಹಳದಿ ಎಂದರೆ 255, 255, 0. ಇವುಗಳನ್ನು ಅರ್ಧರ್ಧ ಬೆರೆಸಿದರೆ ಮೂರೂ ಸಂಖ್ಯೆಗಳು ಸುಮಾರು 128 ಆಗುತ್ತವೆ, ಅಂದರೆ ಸಿಗುವುದು ಬೂದು. ಬಟ್ಟಲಿನ ಬಣ್ಣಗಳು ಹೀಗೆ ವರ್ತಿಸುವುದಿಲ್ಲ: ನೀಲಿ ಬಣ್ಣವು ಬೆಳಕಿನ ಕೆಂಪನ್ನು ಹೀರುತ್ತದೆ, ಹಳದಿಯು ನೀಲಿಯನ್ನು ಹೀರುತ್ತದೆ, ಎರಡರಿಂದಲೂ ತಪ್ಪಿಸಿಕೊಂಡು ಹೊರಬರುವ ಹಸಿರು ನಮ್ಮ ಕಣ್ಣಿಗೆ ಬೀಳುತ್ತದೆ. ಜಲವರ್ಣದಿಂದ ಬಂದವರು ಪರದೆಯ ಮೇಲೆ ಮೃದುವಾದ ಬ್ರಷ್‌ನಿಂದ ಎರಡು ಬಣ್ಣಗಳನ್ನು ಉಜ್ಜಿ ಬೆರೆಸಿದಾಗ, ನಡುವಿನ ಪಟ್ಟಿ ಕೊಳೆಯಾಗಿ ಕಂಡು ಬೇಸರಪಡುವುದು ಇದರಿಂದಲೇ. ಪರಿಹಾರ ಸರಳ: ನಡುವಿನ ಬಣ್ಣವನ್ನು ಬೆರೆಸಿ ಪಡೆಯಬೇಡಿ, ವರ್ಣಚಕ್ರದಿಂದ ನೀವೇ ಆರಿಸಿ ಇಡಿ.

ಇನ್ನೊಂದು ಮೋಸ ವರ್ಣಚಕ್ರದ ಪಕ್ಕದಲ್ಲಿರುವ ಪ್ರಕಾಶದ ಪಟ್ಟಿಯಲ್ಲಿದೆ. ಅದರಲ್ಲಿ ಅಚ್ಚ ಹಳದಿಗೂ ಅಚ್ಚ ನೀಲಿಗೂ ಪ್ರಕಾಶ 100 ಎಂದೇ ತೋರಿಸುತ್ತದೆ, ಆದರೆ ಹಳದಿ ಬಿಳಿಯ ಹತ್ತಿರಕ್ಕೂ ನೀಲಿ ಕಪ್ಪಿನ ಹತ್ತಿರಕ್ಕೂ ಇರುವುದು ಯಾರ ಕಣ್ಣಿಗಾದರೂ ಗೊತ್ತಾಗುತ್ತದೆ. ಪರದೆಯ ಬಿಳಿಯ ಪ್ರಕಾಶದಲ್ಲಿ ಹಸಿರಿನ ಪಾಲು ಸುಮಾರು 72 ಶೇಕಡಾ, ಕೆಂಪಿನದು 21, ನೀಲಿಯದು 7 ಮಾತ್ರ. ಆದ್ದರಿಂದ ಬಣ್ಣದ ಗಾಢತೆಯನ್ನು ಆ ಪಟ್ಟಿಯ ಸಂಖ್ಯೆಯಿಂದ ಅಳೆಯಬಾರದು. ಎಲ್ಲಕ್ಕಿಂತ ಮೇಲೆ ಒಂದು ಲೇಯರ್ ತೆರೆದು ಅದನ್ನು ಕಪ್ಪಿನಿಂದ ತುಂಬಿ, ಅದರ ವಿಧಾನವನ್ನು ಕಲರ್ ಎಂದು ಬದಲಾಯಿಸಿಡಿ. ಬೇಕೆಂದಾಗ ಅದನ್ನು ತೆರೆದರೆ ಚಿತ್ರವು ಕಣ್ಣಿಗೆ ಒಪ್ಪುವ ಬೂದುಛಾಯೆಗಳಲ್ಲಿ ಕಾಣುತ್ತದೆ, ಮುಚ್ಚಿದರೆ ಬಣ್ಣ ಮರಳುತ್ತದೆ. ಬಣ್ಣ ಹಾಕುತ್ತ ಹಾಕುತ್ತ ಮೂಲದ ಬೆಳಕು-ನೆರಳಿನ ಜೋಡಣೆ ಕೆಟ್ಟಿದ್ದರೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ.

ಪ್ರಶ್ನೆ: ನೂರಾರು ಬ್ರಷ್‌ಗಳನ್ನು ಇಳಿಸಿಕೊಂಡಿದ್ದೇನೆ. ಆದರೂ ನನ್ನದೇ ಆದ ಶೈಲಿ ಬರುತ್ತಿಲ್ಲ.

ಉತ್ತರ: ಬರುವುದೂ ಇಲ್ಲ. ಡಿಜಿಟಲ್ ಬ್ರಷ್ ಎಂದರೆ ಹೆಚ್ಚಿನ ಮಟ್ಟಿಗೆ ಒಂದು ಚಿಕ್ಕ ಅಚ್ಚು. ಸ್ಟೈಲಸ್, ಅಂದರೆ ಟ್ಯಾಬ್ಲೆಟ್‌ನ ಪೆನ್ನು, ಚಲಿಸಿದ ಹಾದಿಯುದ್ದಕ್ಕೂ ಅದು ಒತ್ತೊತ್ತಾಗಿ ಮುದ್ರೆಯಾಗುತ್ತ ಹೋಗಿ ರೇಖೆಯ ಭ್ರಮೆ ಹುಟ್ಟುತ್ತದೆ. ಅಚ್ಚುಗಳ ನಡುವಿನ ಅಂತರ ಹೆಚ್ಚಿಸಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಎಲೆಗಳ ಬ್ರಷ್, ಮೋಡದ ಬ್ರಷ್, ಕೂದಲಿನ ಬ್ರಷ್ ಎಂದು ಮಾರುವವೆಲ್ಲ ಬೇರೆಯವರು ಗಮನಿಸಿ ಮಾಡಿಟ್ಟ ಅಚ್ಚುಗಳು. ಅವುಗಳಿಂದ ಬಂದ ಎಲೆ ನಿಮ್ಮ ಚಿತ್ರದ ಬೆಳಕಿಗೆ ಉತ್ತರಿಸುವುದಿಲ್ಲ.

ಅಂಚು ಗಟ್ಟಿಯಾದ ಒಂದು ದುಂಡು ಬ್ರಷ್, ಮೇಲ್ಮೈ ಸ್ವಲ್ಪ ಒರಟಾದ ಇನ್ನೊಂದು, ಮೃದುವಾದ ಮತ್ತೊಂದು, ಇಷ್ಟರಲ್ಲಿಯೇ ಒಂದು ವರ್ಷ ಕೆಲಸ ಮಾಡಿ. ಮೃದುವಾದದ್ದನ್ನು ಆದಷ್ಟು ಕಡಿಮೆ ಬಳಸಿ. ಎಲ್ಲವನ್ನೂ ನಯವಾಗಿಸುವ ಅದರ ಆಸೆಯಿಂದಲೇ ಎಷ್ಟೋ ಚಿತ್ರಗಳು ಪ್ಲಾಸ್ಟಿಕ್ಕಿನಂತೆ ಕಾಣುತ್ತವೆ. ಆ ಸಮಯವನ್ನು ಸ್ಟೈಲಸ್‌ನ ಒತ್ತಡವನ್ನು ನಿಮ್ಮ ಕೈಗೆ ಹೊಂದಿಸಿಕೊಳ್ಳುವುದಕ್ಕೆ ಕೊಡಿ. ಈಗಿನ ಒಳ್ಳೆಯ ಸ್ಟೈಲಸ್‌ಗಳು ಒತ್ತಡದ 8192 ಹಂತಗಳನ್ನು ಗುರುತಿಸುತ್ತವೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಆದರೆ ಎಷ್ಟು ಒತ್ತಿದರೆ ರೇಖೆ ಎಷ್ಟು ದಪ್ಪವಾಗಬೇಕು ಎಂಬ ವಕ್ರರೇಖೆಯನ್ನು ಸೆಟ್ಟಿಂಗ್‌ನಲ್ಲಿ ತಿದ್ದಿಕೊಳ್ಳದಿದ್ದರೆ ಹಗುರ ಕೈಯವರಿಗೆ ಅದರಲ್ಲಿ ಅರ್ಧದಷ್ಟೂ ದಕ್ಕುವುದಿಲ್ಲ.

ಪ್ರಶ್ನೆ: ನಾನು ಬಹುಕಾಲ ಎಣ್ಣೆಬಣ್ಣದಲ್ಲಿ ಕೆಲಸ ಮಾಡಿ ಈಗ ಟ್ಯಾಬ್ಲೆಟ್ ಹಿಡಿದಿದ್ದೇನೆ. ಅನ್‌ಡೂ ಎಂಬ ಸೌಲಭ್ಯ ನನ್ನ ಧೈರ್ಯವನ್ನೇ ಕಸಿದುಕೊಂಡಿದೆ ಎನ್ನಿಸುತ್ತದೆ. ಒಂದು ರೇಖೆಯನ್ನು ಇಪ್ಪತ್ತು ಸಲ ಎಳೆದು ಅಳಿಸುತ್ತೇನೆ. ನಿಮಗೂ ಹೀಗಾಗುತ್ತದೆಯೇ?

ಉತ್ತರ: ಆಗುತ್ತದೆ, ಮತ್ತು ಡಿಜಿಟಲ್ ಚಿತ್ರರಚನೆಯ ಮುಖ್ಯ ಸಮಸ್ಯೆಯನ್ನೇ ತಾವು ಹಿಡಿದಿದ್ದೀರಿ ಎಂದು ನನ್ನ ಅಭಿಪ್ರಾಯ. ಎಣ್ಣೆಬಣ್ಣದಲ್ಲಿ ಮಾಧ್ಯಮವೇ ಚಿತ್ರಕಾರನನ್ನು ಒಂದು ಕ್ರಮದಲ್ಲಿ ನಡೆಸುತ್ತಿತ್ತು. ಬಣ್ಣ ಒಣಗುವವರೆಗೆ ಕಾಯಬೇಕಿತ್ತು, ಕಾಯುವಾಗ ದೂರ ನಿಂತು ನೋಡುವುದಾಗುತ್ತಿತ್ತು, ಹೆಚ್ಚು ಕೆರೆದರೆ ಕ್ಯಾನ್ವಾಸ್ ಹಾಳಾಗುತ್ತಿತ್ತು. ಹಾಗಾಗಿ ಕುಂಚ ಇಡುವ ಮೊದಲೇ ಯೋಚನೆ ನಡೆಯುತ್ತಿತ್ತು. ಪರದೆಯ ಮೇಲೆ ಏನೂ ಒಣಗುವುದಿಲ್ಲ, ಏನೂ ಹಾಳಾಗುವುದಿಲ್ಲ. ಮಾಧ್ಯಮ ಹೇರುತ್ತಿದ್ದ ಗಡಿಗಳು ಹೋದ ಮೇಲೆ ಅವುಗಳನ್ನು ಚಿತ್ರಕಾರನೇ ಹಾಕಿಕೊಳ್ಳಬೇಕಾಗುತ್ತದೆ, ಇಲ್ಲದಿದ್ದರೆ ಕೆಲಸ ಮುಂದೆ ಸಾಗುವುದೇ ಇಲ್ಲ.

ಅನ್‌ಡೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಚಿತ್ರದ ಯಾವ ಹಂತದಲ್ಲಿ ಅದನ್ನು ಬಳಸುತ್ತೇವೆ ಎಂಬುದು ಮುಖ್ಯ. ಥಂಬ್‌ನೇಲ್ ಹಂತದಲ್ಲಿ ಅದನ್ನು ಪೂರ್ತಿಯಾಗಿ ಬಿಟ್ಟುಬಿಡಬೇಕು. ಅಲ್ಲಿ ತಪ್ಪಾದ ಆಕಾರದ ಪಕ್ಕದಲ್ಲಿ ಇನ್ನೊಂದನ್ನು ಬರೆದರಾಯಿತು. ದೊಡ್ಡ ಆಕಾರಗಳನ್ನು ಕೂರಿಸುವಾಗಲೂ ಅಳಿಸುವ ಬದಲು ಮೇಲೆಯೇ ಬರೆದು ತಿದ್ದಬೇಕು, ಏಕೆಂದರೆ ಕೆಳಗೆ ಅರೆಬರೆ ಕಾಣುವ ಹಳೆಯ ಬಣ್ಣವೇ ಮುಂದಿನ ಬಣ್ಣಕ್ಕೆ ಒಂದು ಸೂಚನೆಯನ್ನು ಕೊಡುತ್ತದೆ. ತಾವು ಎಣ್ಣೆಬಣ್ಣದವರಾದ್ದರಿಂದ, ಕೆಳಪದರದ ಬೆಚ್ಚನೆಯ ಕಂದು ಅಲ್ಲಲ್ಲಿ ಇಣುಕುವುದರಿಂದ ಚಿತ್ರಕ್ಕೆ ಬರುವ ಒಗ್ಗಟ್ಟನ್ನು ತಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಪರದೆಯ ಮೇಲೆಯೂ ಬಿಳಿಯ ಕ್ಯಾನ್ವಾಸಿನ ಬದಲು ಅಂತಹ ಒಂದು ನಡುಛಾಯೆಯಿಂದ ಆರಂಭಿಸಿದರೆ ಅದೇ ಫಲ ಸಿಗುತ್ತದೆ. ಕೊನೆಯ ಹಂತದಲ್ಲಿ, ಕಣ್ಣಿನ ಹೊಳಪೋ ಬೆರಳಿನ ತುದಿಯೋ ಸರಿಯಾಗಿ ಕೂರಬೇಕಾದ ಕಡೆ, ಎಷ್ಟು ಸಲ ಬೇಕಾದರೂ ಅನ್‌ಡೂ ಮಾಡಿ. ಅಲ್ಲಿ ಅದು ಹಿಂಜರಿಕೆಯ ಲಕ್ಷಣವಲ್ಲ.

ಉದ್ದನೆಯ ರೇಖೆ ಇಪ್ಪತ್ತು ಸಲ ತಪ್ಪುತ್ತಿದೆ ಎಂದಾದರೆ ಅದು ಧೈರ್ಯದ ಪ್ರಶ್ನೆ ಮಾತ್ರವಾಗಿರದೆ ಗಾತ್ರದ ಪ್ರಶ್ನೆಯೂ ಆಗಿರಬಹುದು. ಚಿಕ್ಕ ಟ್ಯಾಬ್ಲೆಟ್‌ನಲ್ಲಿ ಕೈ ಮಣಿಕಟ್ಟಿನಿಂದ ಚಲಿಸುತ್ತದೆ. ತಮ್ಮ ಕೈ ಈಸೆಲ್‌ನ ಮುಂದೆ ಭುಜದಿಂದ ಚಲಿಸಿ ಅಭ್ಯಾಸವಾಗಿದೆ. ಚಿತ್ರವನ್ನು ಝೂಮ್ ಮಾಡಿ ದೊಡ್ಡದಾಗಿಸಿದರೆ ಭುಜದ ಚಲನೆಗೆ ಜಾಗ ಸಿಗುತ್ತದೆ, ಆದರೆ ಇಡೀ ಚಿತ್ರ ಕಣ್ಣಿನಿಂದ ಮರೆಯಾಗುತ್ತದೆ. ಇಡೀ ಚಿತ್ರವನ್ನು ಚಿಕ್ಕದಾಗಿ ತೋರಿಸುವ ಎರಡನೆಯ ಕಿಟಕಿಯೊಂದನ್ನು ಮೂಲೆಯಲ್ಲಿ ಸದಾ ತೆರೆದಿಟ್ಟುಕೊಳ್ಳುವುದು ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯ.

ಪ್ರಶ್ನೆ: ಕಂಪ್ಯೂಟರ್ ಸಹಾಯದಿಂದ ಬರೆದದ್ದನ್ನು ನಿಜವಾದ ಚಿತ್ರಕಲೆ ಎನ್ನಬಹುದೇ?

ಉತ್ತರ: ಇವಾನ್ ಸದರ್‌ಲ್ಯಾಂಡ್ ಅವರು ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ರೇಖೆ ಎಳೆಯುವ ವ್ಯವಸ್ಥೆಯನ್ನು ತೋರಿಸಿದ್ದು 1963ರಲ್ಲಿ, ರಿಚರ್ಡ್ ಶೂಪ್ ಅವರು ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಬಣ್ಣದಲ್ಲಿ ಬರೆಯಬಹುದಾದ ಸೂಪರ್‌ಪೇಂಟ್ ವ್ಯವಸ್ಥೆಯನ್ನು ರೂಪಿಸಿದ್ದು 1973ರ ಹೊತ್ತಿಗೆ. ಮಾಧ್ಯಮಕ್ಕೆ ಅರ್ಧ ಶತಮಾನ ಕಳೆದ ಮೇಲೂ ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ದಶಕಗಳ ಕಾಲ ಬಣ್ಣ ಕುಂಚಗಳಲ್ಲಿ ಕೆಲಸ ಮಾಡಿ ಹೆಸರಾದ ಡೇವಿಡ್ ಹಾಕ್ನಿ ತಮ್ಮ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮೊದಲು ಐಫೋನಿನಲ್ಲಿ, 2010ರಿಂದ ಐಪ್ಯಾಡಿನಲ್ಲಿ ಬರೆಯತೊಡಗಿದರು, ಮತ್ತು 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಆ ಚಿತ್ರಗಳ ದೊಡ್ಡ ಮುದ್ರಣಗಳು ಅವರ ಎಣ್ಣೆಬಣ್ಣದ ಕೃತಿಗಳ ಜೊತೆಯಲ್ಲಿಯೇ ಗೋಡೆಯ ಮೇಲಿದ್ದವು. ನನ್ನ ಉತ್ತರಕ್ಕಿಂತ ಅದು ಹೆಚ್ಚು ತೂಕದ್ದು.

ಪ್ರಶ್ನೆ: ಫೋಟೋ ನೋಡಿಕೊಂಡು ಬರೆಯುವುದು ಕಳ್ಳತನವೇ? ಬಣ್ಣವನ್ನು ಫೋಟೋದಿಂದ ನೇರವಾಗಿ ಎತ್ತಿಕೊಳ್ಳಬಹುದೇ?

ಉತ್ತರ: ಬೇರೆಯವರ ಒಂದೇ ಫೋಟೋವನ್ನು ಹಾಗೆಯೇ ನಕಲು ಮಾಡಿ ತನ್ನದೆಂದು ತೋರಿಸುವುದು ತಪ್ಪು, ಅನೇಕ ಫೋಟೋಗಳನ್ನು ನೋಡಿ ಕೈಯ ರಚನೆಯನ್ನೋ ಬಟ್ಟೆಯ ಬೀಳನ್ನೋ ತಿಳಿದುಕೊಳ್ಳುವುದು ಅಭ್ಯಾಸ. ಸಾಧ್ಯವಾದ ಕಡೆಯೆಲ್ಲ ನಿಮ್ಮದೇ ಕೈಯನ್ನು, ನಿಮ್ಮದೇ ಭಂಗಿಯನ್ನು ಬೇಕಾದ ಬೆಳಕಿನಲ್ಲಿ ಫೋಟೋ ತೆಗೆದುಕೊಂಡು ಬಳಸಿ, ಆಗ ಹಕ್ಕಿನ ಪ್ರಶ್ನೆ ಬರುವುದಿಲ್ಲ, ಬೆಳಕಿನ ದಿಕ್ಕೂ ಚಿತ್ರಕ್ಕೆ ಹೊಂದುತ್ತದೆ.

ಬಣ್ಣವನ್ನು ಎತ್ತಿಕೊಳ್ಳುವುದು ಕಲಿಯುವವರಿಗೆ ನಷ್ಟ. ಫೋಟೋದಲ್ಲಿ ಕ್ಯಾಮೆರಾ ನೆರಳುಗಳನ್ನು ಕಣ್ಣು ಕಾಣುವುದಕ್ಕಿಂತ ಕಪ್ಪಾಗಿಸಿರುತ್ತದೆ, ಅತಿ ಬೆಳಕನ್ನು ಬಿಳಿಯಾಗಿಸಿರುತ್ತದೆ. ಅದಲ್ಲದೆ, ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದು ಪಕ್ಕದ ಬಣ್ಣವನ್ನು ಅವಲಂಬಿಸುತ್ತದೆ. ದೀಪದ ಕಿತ್ತಳೆ ಬೆಳಕಿನ ಕೋಣೆಯಲ್ಲಿ ನೀಲಿಯಾಗಿ ಕಾಣುವ ಬಟ್ಟೆಯ ಬಣ್ಣವನ್ನು ಎತ್ತಿ ನೋಡಿದರೆ ಅದು ಬರಿಯ ಬೂದು ಎಂದು ತಿಳಿದು ಅಚ್ಚರಿಯಾಗುತ್ತದೆ. ಆದ್ದರಿಂದ ಮೊದಲು ನೀವೇ ಊಹಿಸಿ ಬಣ್ಣವನ್ನು ಇಟ್ಟು, ಆಮೇಲೆ ಫೋಟೋದಿಂದ ಎತ್ತಿದ ಬಣ್ಣವನ್ನು ಅದರ ಪಕ್ಕದಲ್ಲಿಟ್ಟು ಎಷ್ಟು ದೂರ ಇದ್ದೀರಿ ಎಂದು ನೋಡಿ.

ಪ್ರಶ್ನೆ: ಪರದೆಯ ಮೇಲೆ ಹೊಳೆಯುವ ಚಿತ್ರ ಮುದ್ರಣದಲ್ಲಿ ಮಂಕಾಗುವುದೇಕೆ?

ಉತ್ತರ: ಪರದೆ ತಾನೇ ಬೆಳಕನ್ನು ಚೆಲ್ಲುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ; ಜೊತೆಗೆ, ಮುದ್ರಣದ ನಾಲ್ಕು ಶಾಯಿಗಳಿಗೆ ಪರದೆಯ ಅಚ್ಚ ಹಸಿರು, ಅಚ್ಚ ನೀಲಿಗಳನ್ನು ಮುಟ್ಟಲು ಆಗುವುದಿಲ್ಲ. ಪರದೆಯ ಪ್ರಕಾಶವನ್ನು ತಗ್ಗಿಸಿಕೊಂಡು ಕೆಲಸ ಮಾಡಿ, ಮುದ್ರಣಾಲಯ ಕೊಡುವ ಪ್ರೊಫೈಲ್‌ನಲ್ಲಿ, ಅಂದರೆ ಅವರ ಮುದ್ರಣದಲ್ಲಿ ಬಣ್ಣಗಳು ಹೇಗೆ ಬರುತ್ತವೆ ಎಂದು ಪರದೆಯಲ್ಲಿ ತೋರಿಸಲು ನೆರವಾಗುವ ಕಡತದಲ್ಲಿ, ಚಿತ್ರವನ್ನು ಆಗಾಗ ಪರೀಕ್ಷಿಸಿ. ಅಳತೆಯನ್ನೂ ಮೊದಲೇ ನಿಶ್ಚಯಿಸಿಕೊಳ್ಳಿ: A4 ಕಾಗದಕ್ಕೆ ಇಂಚಿಗೆ 300 ಪಿಕ್ಸೆಲ್‌ಗಳಂತೆ 2480 × 3508 ಪಿಕ್ಸೆಲ್‌ಗಳ ಕ್ಯಾನ್ವಾಸ್ ಬೇಕು.

ಪ್ರಶ್ನೆ: ಚಿತ್ರ ಮುಗಿಯಿತು ಎಂದು ತೀರ್ಮಾನಿಸುವುದು ಹೇಗೆ? ನಾನು ವಾರಗಟ್ಟಲೆ ತಿದ್ದುತ್ತಲೇ ಇರುತ್ತೇನೆ.

ಉತ್ತರ: ತಿದ್ದುವಾಗ ನೀವು ಎಷ್ಟು ಝೂಮ್ ಮಾಡಿಕೊಂಡಿರುತ್ತೀರಿ ಎಂದು ಗಮನಿಸಿ. ವಾರಗಟ್ಟಲೆ ನಡೆಯುವ ತಿದ್ದುಪಡಿ ಸಾಮಾನ್ಯವಾಗಿ ನೋಡುಗರು ಎಂದೂ ಕಾಣದ ಹತ್ತಿರದಲ್ಲಿ ನಡೆಯುತ್ತಿರುತ್ತದೆ. ಚಿತ್ರವನ್ನು ಪರದೆಯ ಕಾಲುಭಾಗದಷ್ಟು ಚಿಕ್ಕದಾಗಿಸಿ, ಎಡಬಲ ತಿರುಗಿಸಿ ನೋಡಿ. ತಿರುಗಿಸಿದಾಗ ಅಭ್ಯಾಸದಿಂದ ಕುರುಡಾಗಿದ್ದ ಕಣ್ಣಿಗೆ ವಾಲಿದ ಮುಖ, ಸಮವಲ್ಲದ ಕಣ್ಣುಗಳು ತಟ್ಟನೆ ಕಾಣುತ್ತವೆ. ಇಂತಹ ದೋಷವನ್ನು ತಿದ್ದಲೇಬೇಕು. ಅಲ್ಲಿ ಏನೂ ಕಾಣದೆ, ಹತ್ತಿರ ಹೋದಾಗ ಮಾತ್ರ ಕೊರತೆ ಕಾಣುತ್ತದೆಯಾದರೆ, ಅದು ನೋಟದ ಕೇಂದ್ರದಲ್ಲಿದೆಯೇ ಎಂದು ಕೇಳಿಕೊಳ್ಳಿ, ಇಲ್ಲವಾದರೆ ಬಿಟ್ಟುಬಿಡಿ. ಚಿತ್ರದ ಎಲ್ಲ ಭಾಗಗಳನ್ನೂ ಒಂದೇ ಮಟ್ಟಕ್ಕೆ ಮುಗಿಸಿದರೆ ಕಣ್ಣಿಗೆ ಎಲ್ಲಿಯೂ ನಿಲ್ಲುವ ಕಾರಣವಿರುವುದಿಲ್ಲ.

ಪ್ರೊಕ್ರಿಯೇಟ್‌ನಂತಹ ಸಾಫ್ಟ್‌ವೇರ್‌ಗಳು ಚಿತ್ರ ಬೆಳೆದ ರೀತಿಯನ್ನು ವಿಡಿಯೋ ಆಗಿ ದಾಖಲಿಸಿಕೊಳ್ಳುತ್ತವೆ. ಹೆಚ್ಚಿನವರು ಅದನ್ನು ಬೇರೆಯವರಿಗೆ ತೋರಿಸಲು ಬಳಸುತ್ತಾರೆ. ನಿಮ್ಮ ಹಿಂದಿನ ಮೂರು ನಾಲ್ಕು ಚಿತ್ರಗಳ ದಾಖಲೆಯನ್ನು ನೀವೇ ಒಮ್ಮೆ ನೋಡಿ, ಯಾವ ಕ್ಷಣದ ನಂತರ ಚಿತ್ರ ಬದಲಾಗುವುದು ನಿಂತು ಬರಿಯ ಒರೆಸಾಟ ನಡೆದಿದೆ ಎಂದು ಗುರುತು ಹಾಕಿಕೊಳ್ಳಿ. ಮುಂದಿನ ಚಿತ್ರದಲ್ಲಿ ಸರಿಸುಮಾರು ಆ ಹಂತಕ್ಕೆ ಬಂದಾಗ ಕಡತವನ್ನು ಉಳಿಸಿ ಮುಚ್ಚಿ, ಕೆಲವು ದಿನ ಬಿಟ್ಟು ತೆರೆದು, ಕಂಡದ್ದನ್ನು ಒಂದೇ ಸಲ ಕುಳಿತು ತಿದ್ದಿ ಕಳುಹಿಸಿಬಿಡಿ.